ಅಂಬಕ್ಕನ ಕೈಯಲ್ಲಿದ್ದ ಭೂತಗನ್ನಡಿ

ಜನ ನನ್ನನ್ನು ಭೂತಗನ್ನಡಿ ಎನ್ನುತ್ತಾರೆ. ನನ್ನೊಳಗೆ ಯಾವ ಭೂತವೂ ಇಲ್ಲ. ಅಂಗೈಯಗಲದ ಒಂದು ಉಬ್ಬು ಗಾಜು, ಅದರ ಸುತ್ತ ಹಿತ್ತಾಳೆಯ ಅಂಚು, ಹಿಡಿದುಕೊಳ್ಳಲು ಬೀಟೆ ಮರದ ಹಿಡಿಕೆ, ಇಷ್ಟೇ ನಾನು. ನಾನು ಹುಟ್ಟಿದ್ದು ದೂರದ ಅಂಬಾಲಾ ಎಂಬ ಊರಿನಲ್ಲಿ. ಒಬ್ಬ ಮುದುಕ ಕೆಂಪು ಪುಡಿ ಮತ್ತು ನೀರು ಹಾಕಿ ನನ್ನನ್ನು ಮೂರು ದಿನ ಉಜ್ಜಿದ. ಕೊನೆಗೆ ಬೆಳಕಿಗೆ ಹಿಡಿದು, ನನ್ನ ಮೂಲಕ ತನ್ನ ಹೆಬ್ಬೆರಳಿನ ಗೆರೆಗಳನ್ನು ನೋಡಿ ತಲೆಯಾಡಿಸಿದ. ಆ ಗೆರೆಗಳೇ ನಾನು ಕಂಡ ಮೊದಲ ಬರಹ.

ಹುಲ್ಲು ತುಂಬಿದ ಪೆಟ್ಟಿಗೆಯಲ್ಲಿ ರೈಲು ಹತ್ತಿ ಹುಬ್ಬಳ್ಳಿಗೆ ಬಂದೆ. ಕೊಪ್ಪೀಕರ ರಸ್ತೆಯ ಒಂದು ಮುದ್ರಣಾಲಯದ ಮಾಲೀಕರು ನನ್ನನ್ನು ಕೊಂಡು ಫೋರ್‌ಮನ್ ತುಳಜಾಸಾನ ಕೈಗೆ ಕೊಟ್ಟರು. ಮೂಗು ಮುರಿದ ಅಚ್ಚಿನ ಮೊಳೆಗಳನ್ನು ಹುಡುಕಲು ಅವನಿಗೆ ನಾನು ಬೇಕಾಗಿದ್ದೆ. ಅದಕ್ಕಿಂತ ಹೆಚ್ಚಾಗಿ, ಅಂಗಳದ ಬಿಸಿಲಿಗೆ ನನ್ನನ್ನು ಹಿಡಿದು ಬೀಡಿ ಹೊತ್ತಿಸಿಕೊಳ್ಳಲು ಬೇಕಾಗಿದ್ದೆ. ಹತ್ತು ವರ್ಷ ಅವನ ಜೇಬಿನಲ್ಲಿ ಹೊಗೆಸೊಪ್ಪಿನ ವಾಸನೆ ಕುಡಿದುಕೊಂಡು ಇದ್ದೆ. ಅವನು ಕೆಲಸ ಬಿಟ್ಟು ಹೋಗುವ ದಿನ ನನ್ನನ್ನು ಪ್ರೂಫ್ ನೋಡುವ ಹೆಂಗಸಿನ ಮೇಜಿನ ಮೇಲೆ ಇಟ್ಟ. "ತಗೋರಿ ಅಕ್ಕಾರ, ನಿಮ್ಮ ಕಣ್ಣು ಉಳೀಲಿ" ಎಂದ.

ಆ ಹೆಂಗಸೇ ಅಂಬಕ್ಕ ಬೆಂಡಿಗೇರಿ. ಆಗ ಆಕೆಗೆ ಇಪ್ಪತ್ತಾರು ವರ್ಷ. ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದ ಗಂಡ ಮದುವೆಯಾದ ಎರಡನೇ ವರ್ಷ ವಿಷಮಜ್ವರದಲ್ಲಿ ತೀರಿಕೊಂಡಿದ್ದ. ಮಿಷನ್ ಶಾಲೆಯಲ್ಲಿ ಮೆಟ್ರಿಕ್ ಓದಿದ್ದರಿಂದ ಈ ಕೆಲಸ ಸಿಕ್ಕಿತ್ತು. ಎಲ್ಲರೂ ಪ್ರೂಫಿನಲ್ಲಿ ಅಕ್ಷರ ನೋಡುತ್ತಿದ್ದರು. ಅಂಬಕ್ಕ ಅಂಕಿಗಳನ್ನೂ ಕೂಡಿ ನೋಡುತ್ತಿದ್ದಳು. ಅದು ಯಾರೂ ಹೇಳಿದ ಕೆಲಸವಲ್ಲ.

ಎಪ್ಪತ್ತೊಂದನೇ ಇಸವಿಯಲ್ಲಿ ಶಾಲ್ಮಲಾ ಪಂಪ್ಸ್ ಎಂಬ ಕಂಪನಿಯ ವಾರ್ಷಿಕ ವರದಿ ನಮ್ಮಲ್ಲಿ ಅಚ್ಚಿಗೆ ಬಂತು. ಹೊಲದ ಬಾವಿಗಳಿಗೆ ಪಂಪು ಮಾಡುವ ಕಂಪನಿ ಅದು. ಮೂರನೇ ಪುಟದಲ್ಲಿ ಹೇಳಿದ ಲಾಭಕ್ಕೂ ಒಂಬತ್ತನೇ ಪುಟದ ಅಂಕಿಗಳನ್ನು ಕೂಡಿದರೆ ಬರುವ ಲಾಭಕ್ಕೂ ತಾಳೆಯಾಗಲಿಲ್ಲ. ಮುದ್ರಣಾಲಯದ ಮಾಲೀಕರು, "ಅವರು ಬರದದ್ದು ಅಚ್ಚು ಹಾಕೂದು ನಮ್ಮ ಕೆಲಸ, ಸಹಿ ಮಾಡಿ ಕಳಸು" ಎಂದರು. ಅಂಬಕ್ಕ ಸಹಿ ಮಾಡಲಿಲ್ಲ. ಮರುದಿನ ಕಂಪನಿ ಕಟ್ಟಿದ ಗೋಪಾಳರಾವ್ ಹೆಬಸೂರ ಅವರೇ ಕೊಡೆ ಹಿಡಿದುಕೊಂಡು ಬಂದರು. ನನ್ನನ್ನೇ ತೆಗೆದುಕೊಂಡು ಎರಡು ಪುಟಗಳನ್ನೂ ನೋಡಿದರು.

"ತಪ್ಪು ನಮ್ಮದ ಅದ," ಎಂದರು. "ಲಾಭ ಕಡಿಮಿ ಕಾಣ್ತದ. ಕಾಣಲಿ. ಆಕಿ ಹೇಳಿದಂಗ ತಿದ್ದಿ ಹಾಕ್ರಿ."

ತನ್ನ ಲಾಭವನ್ನು ತಾನೇ ಇಳಿಸಿಕೊಂಡು ಹೋದ ಆ ಮನುಷ್ಯನ ಬೆನ್ನನ್ನು ಅಂಬಕ್ಕ ಬಹಳ ಹೊತ್ತು ನೋಡಿದಳು. ಅದೇ ವರ್ಷ ಗಂಡನ ರೈಲ್ವೆ ಫಂಡಿನಿಂದ ಬಂದ ಹಣದಲ್ಲಿ ಆ ಕಂಪನಿಯ ಇನ್ನೂರು ಷೇರು ತೆಗೆದುಕೊಂಡಳು, ಒಂದಕ್ಕೆ ಹತ್ತು ರೂಪಾಯಿಯಂತೆ. ಅತ್ತೆ ಎರಡು ದಿನ ಊಟ ಬಿಟ್ಟರು.

ಆಮೇಲೆ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ನಾನು ಆಕೆಯ ಕೈಬಿಡಲಿಲ್ಲ. ಆಕೆಯ ರೀತಿ ಸರಳವಾಗಿತ್ತು, ಆದರೆ ಬೇರೆಯವರಿಗೆ ಬೇಸರ ತರಿಸುವಂಥದು. ಒಂದು ಕಂಪನಿಯ ವರದಿಯನ್ನು ಮೂರು ವರ್ಷ ಓದದೆ ಅದರ ಒಂದು ಷೇರನ್ನೂ ಕೊಳ್ಳುತ್ತಿರಲಿಲ್ಲ. ವರದಿಯನ್ನು ಹಿಂದಿನ ಪುಟದಿಂದ ಓದುತ್ತಿದ್ದಳು. ಮುಂದಿನ ಪುಟಗಳಲ್ಲಿ ಬಣ್ಣದ ಚಿತ್ರ ಇರುತ್ತವೆ, ಹಿಂದಿನ ಪುಟಗಳಲ್ಲಿ ಇರುವೆಯಷ್ಟು ಸಣ್ಣ ಅಕ್ಷರ ಇರುತ್ತವೆ. ಹೇಳಲು ಮನಸ್ಸಿಲ್ಲದ ಮಾತನ್ನು ಅಲ್ಲಿ ಇಡುತ್ತಾರೆ ಎನ್ನುತ್ತಿದ್ದಳು. ಹೋದ ವರ್ಷದ ವರದಿಯನ್ನು ಎಡಕ್ಕೆ, ಈ ವರ್ಷದ್ದನ್ನು ಬಲಕ್ಕೆ ಇಟ್ಟುಕೊಂಡು ಸಾಲಿಗೆ ಸಾಲು ತಾಳೆ ನೋಡುತ್ತಿದ್ದಳು, ಪ್ರೂಫ್ ನೋಡಿದಂತೆ. ಕೊಂಡ ಮೇಲೆ ಸುಮ್ಮನಿರುತ್ತಿದ್ದಳು. ಪೇಟೆ ಬಿದ್ದು ಜನ ಎದೆ ಹಿಡಿದುಕೊಂಡ ವರ್ಷಗಳಲ್ಲಿ ಹಳೆಯ ವರದಿ ತೆಗೆದು, ಓದಿ, ಇನ್ನಷ್ಟು ಕೊಳ್ಳುತ್ತಿದ್ದಳು. ಇಡೀ ಜೀವಮಾನದಲ್ಲಿ ಐದು ಕಂಪನಿಗಳಿಗಿಂತ ಹೆಚ್ಚು ಆಕೆಯ ಟ್ರಂಕಿಗೆ ಬರಲಿಲ್ಲ.

ಹಳೇ ಹುಬ್ಬಳ್ಳಿಯ ಓಣಿಯ ಎರಡು ಖೋಲಿಯ ಮನೆ, ನಾಲ್ಕು ದಿನಕ್ಕೊಮ್ಮೆ ಬರುವ ನಲ್ಲಿ ನೀರು, ಇಳಕಲ್ ಸೀರೆ ಯಾವುದೂ ಬದಲಾಗಲಿಲ್ಲ. ಸಂಗತಿ ಹೊರಬಿದ್ದದ್ದು ಅಂಚೆಯವನಿಂದ. ಲಾಭಾಂಶದ ಲಕೋಟೆಗಳು ಗಂಟುಗಂಟಾಗಿ ಬರತೊಡಗಿದಾಗ ಅವನು ಓಣಿಯಲ್ಲಿ ಹೇಳಿದ. ಅಷ್ಟೊತ್ತಿಗೆ ಅಂಬಕ್ಕ ಮನಸ್ಸು ಮಾಡಿದ್ದರೆ ಆ ಓಣಿಯ ಅರ್ಧ ಮನೆಗಳನ್ನು ಕೊಳ್ಳಬಹುದಿತ್ತು. ಜನ ಆಕೆಯನ್ನು ಕೇಳಲಿಲ್ಲ, ಆಕೆಯನ್ನು ನೋಡಿ ಮಾಡಿದರು. ಅಂಬಕ್ಕನ ಹತ್ತಿರ ಶಾಲ್ಮಲಾ ಇದೆ ಎಂದರೆ ನಮ್ಮ ಹತ್ತಿರವೂ ಇರಲಿ ಎಂದು ಕಿರಾಣಿಯವನಿಂದ ಮಾಸ್ತರವರೆಗೆ ಎಲ್ಲರೂ ಕೊಂಡರು. ಎಲ್ಲರಿಗಿಂತ ಹೆಚ್ಚು ಕೊಂಡವನು ಫಕೀರಪ್ಪ, ಆಕೆಯ ಗಂಡನ ತಮ್ಮ.

ಫಕೀರಪ್ಪನಿಗೆ ದುರ್ಗದ ಬೈಲಿನ ಹತ್ತಿರ ಪಂಪಿನ ಬಿಡಿಭಾಗಗಳ ಅಂಗಡಿ ಇತ್ತು. ಮೂವತ್ತು ವರ್ಷ ಬಾಡಿಗೆಗೆ ಕುಳಿತ ಜಾಗ. ಅಂಗಡಿಸಾಲಿನ ಮಾಲೀಕ ಸಾಲನ್ನೇ ಮಾರಲು ಹೊರಟಿದ್ದ. "ಯುಗಾದಿ ತನಕ ಟೈಮ್ ಕೊಡ್ತೀನಿ, ನಿನ್ನ ಅಂಗಡಿ ನೀನ ತಗೋ" ಎಂದು ಫಕೀರಪ್ಪನಿಗೆ ಹೇಳಿದ್ದ. ಅದಕ್ಕೆಂದು ಕೂಡಿಟ್ಟದ್ದೆಲ್ಲ ಶಾಲ್ಮಲಾದಲ್ಲಿತ್ತು. ಹತ್ತು ರೂಪಾಯಿಯ ಷೇರು ಆಗ ಇನ್ನೂರಾ ನಲವತ್ತಕ್ಕೆ ಏರಿತ್ತು.

ತೊಂಬತ್ನಾಲ್ಕನೇ ಇಸವಿಯ ಆಗಸ್ಟ್ ತಿಂಗಳ ಒಂದು ಭಾನುವಾರ ಮಧ್ಯಾಹ್ನ ಅಂಬಕ್ಕ ಶಾಲ್ಮಲಾದ ಹೊಸ ವರದಿ ಬಿಚ್ಚಿದಳು. ಗೋಪಾಳರಾಯರು ತೀರಿಹೋಗಿ ನಾಲ್ಕು ವರ್ಷವಾಗಿತ್ತು, ಮಗ ಸುಧೀಂದ್ರ ಚೇರ್ಮನ್ ಆಗಿದ್ದ. ಹಿಂದಿನಿಂದ ಓದುತ್ತ ಹದಿನಾಲ್ಕನೇ ಟಿಪ್ಪಣಿಗೆ ಬಂದಾಗ ಆಕೆಯ ಕೈ ನಿಂತಿತು. ನಾನು ಎಡಕ್ಕೆ ಹೋದೆ, ಬಲಕ್ಕೆ ಬಂದೆ, ಮತ್ತೆ ಎಡಕ್ಕೆ ಹೋದೆ. ಹೋದ ವರ್ಷ ಅಲ್ಲಿ, ಮಾರಾಟವಾಗದೆ ಗೋದಾಮಿನಲ್ಲಿ ಉಳಿದ ಪಂಪುಗಳನ್ನು ಆಡಿಟರು ಖುದ್ದಾಗಿ ಹೋಗಿ ಎಣಿಸಿದ್ದಾರೆ ಎಂದಿತ್ತು. ಈ ವರ್ಷ ಆಡಳಿತದವರು ಕೊಟ್ಟ ಪಟ್ಟಿಯ ಪ್ರಕಾರ ಎಂದಷ್ಟೇ ಇತ್ತು. ಗೋದಾಮಿನಲ್ಲಿದೆ ಎನ್ನಲಾದ ಸರಕು ಮಾತ್ರ ಮೂರು ಪಟ್ಟಾಗಿತ್ತು. ಆ ಸರಕಿನ ಬೆಲೆ ಸೇರಿಸಿಯೇ ಲಾಭ ತೋರಿಸಿದ್ದರು. ಪಂಪು ಇದ್ದರೆ ಲಾಭ ಇದೆ. ಪಂಪು ಇಲ್ಲದಿದ್ದರೆ?

ಮರುದಿನ ಆಕೆ ಫಕೀರಪ್ಪನ ಅಂಗಡಿಗೆ ಹೋದಳು.

"ಫಕೀರಪ್ಪ, ಶಾಲ್ಮಲಾದ ಪಂಪಿಗೆ ವಾಷರ್ ಕೇಳ್ಕೊಂಡು ಈ ವರ್ಷ ಎಷ್ಟು ಮಂದಿ ಬಂದಾರೋ?"

"ಕಡಿಮಿ ಆಗ್ಯಾರ, ವೈನಿ," ಎಂದ ಫಕೀರಪ್ಪ. ಅಣ್ಣನ ಹೆಂಡತಿಯನ್ನು ಅವನು ಹಾಗೇ ಕರೆಯುವುದು. "ಹೊಸಾ ಪಂಪ್ ತಗೊಂಡವರಂತೂ ಯಾರೂ ಬಂದಿಲ್ಲ. ಪಂಪ್ ಭಾಳ ಛಲೋ ಮಾಡಾಕತ್ಯಾರ ಕಾಣ್ತದ, ಕೆಡೂದ ಇಲ್ಲ!"

ಅವನು ನಕ್ಕ. ಅಂಬಕ್ಕ ನಗಲಿಲ್ಲ. ಅಲ್ಲಿಂದ ನೇರ ಬಸ್ಸು ಹತ್ತಿ ಗೋಕುಲ ರಸ್ತೆಯ ಕೈಗಾರಿಕಾ ಪ್ರದೇಶಕ್ಕೆ ಹೋದಳು. ಶಾಲ್ಮಲಾದ ದೊಡ್ಡ ಗೋದಾಮು ಕಾರ್ಖಾನೆಯ ಹಿಂದೆ ಬೇರೆಯಾಗಿತ್ತು. ಲಾರಿ ಹೋಗುವ ದಾರಿಯಲ್ಲಿ ಮೊಳಕಾಲುದ್ದ ಹುಲ್ಲು ಬೆಳೆದಿತ್ತು. ಆಕೆ ಬಾಗಿಲ ಬಳಿ ಬಗ್ಗಿ, ಚೀಲದಿಂದ ನನ್ನನ್ನು ತೆಗೆದು ಬೀಗಕ್ಕೆ ಹಿಡಿದಳು. ಕೀಲಿ ಹಾಕುವ ಕಂಡಿಗೆ ಜೇಡ ಬಲೆ ಕಟ್ಟಿತ್ತು. ಬಲೆಯಲ್ಲಿ ಸತ್ತು ಒಣಗಿದ ನೊಣಗಳಿದ್ದವು. ಒಂದು ವಾರದ ಬಲೆ ಅಲ್ಲ ಅದು.

"ಯಾರ್ರೀ ಅದು?" ಎಂದು ಹಿಂದಿನಿಂದ ಯಾರೋ ಗದರಿದರು. ಕಾವಲುಗಾರ ಬಡಿಗೆ ಹಿಡಿದು ಬಂದಿದ್ದ.

ಆಕೆ ನನ್ನನ್ನು ಚೀಲಕ್ಕೆ ಹಾಕಿಕೊಂಡು ತಿರುಗಿದಳು. "ಈ ಕಂಪನಿ ಮಾಲಕಳಪ್ಪಾ ನಾನು. ಎಲ್ಲಾ ಅಲ್ಲ, ಒಂದು ಚೂರು."

ಅವನು ಆಕೆಯ ಸೀರೆ, ರಬ್ಬರ್ ಚಪ್ಪಲಿ ನೋಡಿ ನಕ್ಕುಬಿಟ್ಟ. "ಮಾಲಕರಾದ್ರ ಮುಂದಿನ ಗೇಟಿಗೆ ಬರ್ರಿ ಅವ್ವಾರ. ಈ ಬಾಗಿಲಾ ತಗದು ವರ್ಷ ಆತು, ನನ್ನ ಹಂತ್ಯಾಕ ಕೀಲಿನೂ ಇಲ್ಲ."

ಬಾಗಿಲು ತೆರೆದು ವರ್ಷವಾಯಿತಂತೆ. ತೆರೆಯದ ಬಾಗಿಲಿನ ಹಿಂದೆ ಸರಕು ಮೂರು ಪಟ್ಟು ಹೇಗಾಯಿತು? ಬಸ್ಸಿನಲ್ಲಿ ಬರುವಾಗ ಆಕೆ ಚೀಲದೊಳಗೆ ನನ್ನ ಹಿಡಿಕೆಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಅಂಗೈಯಲ್ಲಿ ಬರೆ ಮೂಡಿತ್ತು.

ಆ ರಾತ್ರಿಯಿಂದ ಹತ್ತು ದಿನ ಆಕೆ ಸರಿಯಾಗಿ ಉಣ್ಣಲಿಲ್ಲ. ಸುಮ್ಮನೆ ಮಾರಿಬಿಟ್ಟರೆ ಆಕೆಗೆ ಪೂರ್ತಿ ಬೆಲೆ ಸಿಗುತ್ತಿತ್ತು. ಆದರೆ ಆಕೆ ಮಾರುವ ಷೇರನ್ನು ಕೊಳ್ಳುವವರು ಯಾರು? ಓಣಿಯವರೇ ಇರಬಹುದು. ಮೊದಲೇ ಓಣಿಯಲ್ಲಿ ಹೇಳಿಬಿಟ್ಟರೆ ಎಲ್ಲರೂ ಒಮ್ಮೆಗೇ ಮಾರುತ್ತಾರೆ. ತನ್ನದೇ ಲೆಕ್ಕ ತಪ್ಪಾಗಿದ್ದರೆ? ಸರಕು ಬೇರೆ ಗೋದಾಮಿನಲ್ಲಿದ್ದರೆ? ಇನ್ನೂರೈವತ್ತು ಮಂದಿ ಕೆಲಸಗಾರರ ಕಂಪನಿಗೆ ಒಂದು ಮಾತಿನಿಂದ ಮಣ್ಣು ಹಾಕಿದಂತಾಗುತ್ತದೆ. ಹನ್ನೊಂದನೇ ದಿನ ಬೆಳಿಗ್ಗೆ ಆಕೆ ತಲೆ ಬಾಚಿಕೊಳ್ಳುತ್ತ ತನಗೆ ತಾನೇ ಅಂದಳು: "ಎಲ್ಲಾರ ಮುಂದ ಕೇಳತೀನಿ. ಉತ್ತರ ಕೊಟ್ರ ಕೊಡಲಿ."

ಸೆಪ್ಟೆಂಬರಿನಲ್ಲಿ ಷೇರುದಾರರ ವಾರ್ಷಿಕ ಸಭೆ. ದೊಡ್ಡ ಸಭಾಭವನ, ಬಾಗಿಲಲ್ಲಿ ಪೇಢೆಯ ಪೊಟ್ಟಣ. ನಮ್ಮ ಓಣಿಯವರು ಎರಡು ಸಾಲು ತುಂಬಿದ್ದರು. ಫಕೀರಪ್ಪ ಅಂಬಕ್ಕನ ಪಕ್ಕದಲ್ಲೇ ಕುಳಿತಿದ್ದ. ಸುಧೀಂದ್ರ ಹೆಬಸೂರ ಒಳ್ಳೆಯ ಮಾತುಗಾರ. ಲಾಭ ಇಮ್ಮಡಿಯಾದ ಸುದ್ದಿ ಹೇಳಿದಾಗ ಚಪ್ಪಾಳೆ ನಿಲ್ಲಲಿಲ್ಲ. ಆ ಚಪ್ಪಾಳೆಯ ನಡುವೆಯೇ ಅಂಬಕ್ಕ ಎದ್ದು ನಿಂತಳು.

"ಅಂಬಕ್ಕಾರು!" ಎಂದ ಸುಧೀಂದ್ರ ಅಕ್ಕರೆಯಿಂದ. "ನಮ್ಮ ಅಪ್ಪಾರ ಕಾಲದವರು. ಕೇಳ್ರಿ ಅಕ್ಕಾರ, ಏನು ಬೇಕಾದ್ರೂ ಕೇಳ್ರಿ."

"ಹದಿನಾಲ್ಕನೇ ಟಿಪ್ಪಣಿ ತಗೀರಿ. ಹೋದ ವರ್ಷ ಆಡಿಟರು ಪಂಪ್ ಎಣಿಸ್ಯಾರ. ಈ ವರ್ಷ ಯಾಕ ಎಣಿಸಿಲ್ರಿ?"

ಸುಧೀಂದ್ರ ಪುಟ ತಿರುವಿದ. "ಅದು ಬರೇ ಶಬ್ದದ ಫರಕು, ಅಕ್ಕಾರ. ನೀವು ಪ್ರೂಫ್ ನೋಡವರು, ನಿಮಗ ಎಲ್ಲಾ ಕಡೆ ಶಬ್ದನ ಕಾಣ್ತಾವ."

ಸಭೆ ನಕ್ಕಿತು. ಓಣಿಯವರೂ ನಕ್ಕರು.

"ಶಬ್ದದ ಫರಕು ಆದ್ರ ಭಾಳ ಸರಳ ಆತ್ರಿ," ಎಂದಳು ಅಂಬಕ್ಕ. "ಗೋಡಾವನ್ ಇಲ್ಲಿಂದ ನಾಕು ಮೈಲು. ಬಾಗಿಲಾ ತಗಸ್ರಿ. ನಾವೆಲ್ಲಾರೂ ಈಗ ಹೋಗಿ ನೋಡೂಣು."

ನಗು ನಿಂತಿತು. ಆಕೆ ನನ್ನನ್ನು ವರದಿಯ ಮೇಲೆ ಒತ್ತಿ ಹಿಡಿದಿದ್ದಳು. ಸುಧೀಂದ್ರ ನೀರಿನ ಲೋಟ ಎತ್ತಿ ಕುಡಿದ, ಮತ್ತೆ ಕುಡಿದ. "ಅದು ಪದ್ಧತಿ ಅಲ್ರಿ," ಎಂದ. "ನಂಬಿಕಿ ಮ್ಯಾಲೆ ನಡೀತದ ಕಂಪನಿ. ಮುಂದಿನ ಪ್ರಶ್ನೆ."

"ಕುಂಡ್ರಸ್ರೀ ಆಕೀನ್ನ!" ಎಂದು ಹಿಂದಿನಿಂದ ಒಬ್ಬ ಕೂಗಿದ.

ಅಂಬಕ್ಕ ಕೂರಲಿಲ್ಲ. ಓಣಿಯವರ ಕಡೆ ತಿರುಗಿದಳು. "ಇಪ್ಪತ್ತಮೂರು ವರ್ಷ ಇವರ ಒಂದು ಷೇರೂ ಮಾರಿಲ್ಲ ನಾನು. ನಾಳಿಂದ ಮಾರತೀನಿ. ನನಗ ಗೊತ್ತಿದ್ದದ್ದು ಈಗ ನಿಮಗೂ ಗೊತ್ತಾತು. ಇನ್ನ ನಿಮ್ಮ ನಿಮ್ಮ ವಿಚಾರ."

ಹೊರಗೆ ಬಂದ ಮೇಲೆ ಫಕೀರಪ್ಪ ಆಕೆಯ ಜೊತೆ ನಡೆಯಲಿಲ್ಲ. ರಸ್ತೆಯ ಆಚೆ ಬದಿ ಹಿಡಿದು ಹೋದ.

ಮರುದಿನ ಷೇರು ಇನ್ನೂರಾ ಐದಕ್ಕೆ ಇಳಿಯಿತು. ಅಂಬಕ್ಕ ಇಳಿದ ಬೆಲೆಗೇ ಎಲ್ಲವನ್ನೂ ಮಾರಿದಳು. ಆಮೇಲೆ ನಡೆದದ್ದು ನನಗೆ ಈಗಲೂ ನೆನೆಯಲು ಭಯ. ಪೇಟೆ ಸುಧೀಂದ್ರನ ಇಮ್ಮಡಿ ಲಾಭವನ್ನೇ ನಂಬಿತು, ಷೇರು ಏರತೊಡಗಿತು. ದೀಪಾವಳಿಗೆ ಮುನ್ನೂರು. ಸಂಕ್ರಾಂತಿಗೆ ನಾನೂರಾ ಹತ್ತು. ಓಣಿಯಲ್ಲಿ ನೀರು ತುಂಬುವಾಗ ಹೆಂಗಸರು ಆಕೆ ಬಂದರೆ ಮಾತು ನಿಲ್ಲಿಸುತ್ತಿದ್ದರು. "ಗೋಪಾಳರಾಯರ ಅನ್ನ ಉಂಡು ಮಗನ ಮಾನ ಕಳದ್ಲು" ಎಂದು ಕಿರಾಣಿಯವನ ಹೆಂಡತಿ ಕೇಳಿಸುವಂತೆಯೇ ಅಂದಳು. ಒಂದು ದಿನ ಫಕೀರಪ್ಪ ಹೊಸ್ತಿಲಲ್ಲಿ ನಿಂತೇ ಹೇಳಿದ:

"ವೈನಿ, ನೀವು ಬಿಟ್ಟದ್ದನ್ನ ನಾನು ತಗೊಂಡೆ. ಮನಿ ಬಂಗಾರ ಹಾಕಿ ಇನ್ನಷ್ಟು ತಗೊಂಡೆ."

"ಅಂಗಡಿ ರೊಕ್ಕ ಅಲ್ಲೇನೋ ಅದು? ಈಗರ ಮಾರು. ಇವತ್ತ ಮಾರು."

"ಯುಗಾದಿಗೆ ಅಂಗಡಿ ಅಲ್ಲ, ಇಡೀ ಅಂಗಡಿಸಾಲನ್ನ ತಗೋತೀನಿ. ನೋಡಕೊಂತ ಇರ್ರಿ."

ಅವನು ಹೋದ ಮೇಲೆ ಆಕೆ ಎರಡೂ ವರದಿಗಳನ್ನು ಮತ್ತೆ ತೆಗೆದಳು. ಆ ಐದು ತಿಂಗಳಲ್ಲಿ ಹದಿನಾಲ್ಕನೇ ಟಿಪ್ಪಣಿಯನ್ನು ಎಷ್ಟು ಸಲ ಓದಿದಳೋ ಲೆಕ್ಕವಿಲ್ಲ. ಕೈ ಬೆವರಿ ನಾನು ಜಾರುತ್ತಿದ್ದೆ. ಅಷ್ಟು ವರ್ಷಗಳಲ್ಲಿ ಆಕೆಯ ಕೈ ಬೆವರಿದ್ದನ್ನು ನಾನು ಕಂಡಿರಲಿಲ್ಲ. ಒಮ್ಮೆ, "ನಾನ ತಪ್ಪಿದೆನೋ ಏನೋ" ಎಂದು ಗೋಡೆಯ ಮೇಲಿನ ಗಂಡನ ಫೋಟೋಕ್ಕೆ ಹೇಳಿದಳು. ಆದರೆ ತಿರುಗಿ ಹೋಗಿ ಒಂದು ಷೇರನ್ನೂ ಕೊಳ್ಳಲಿಲ್ಲ. ನನ್ನಿಂದ ಅಕ್ಷರ ದೊಡ್ಡದಾಗುತ್ತಿತ್ತು, ಅಷ್ಟೇ. ಕಾಯುವ ಕೆಲಸ ಪೂರ್ತಿ ಆಕೆಯದು. ಅದು ಎಷ್ಟು ಕಷ್ಟದ್ದೆಂದು ಆ ಚಳಿಗಾಲದಲ್ಲಿ ಕಂಡೆ.

ಫೆಬ್ರುವರಿಯಲ್ಲಿ ಸಾಲ ಕೊಟ್ಟ ಬ್ಯಾಂಕಿನವರು ಬಂದು ಗೋದಾಮಿನ ಬೀಗ ಒಡೆಸಿದರು. ಮುಂದಿನ ಸಾಲಿನಲ್ಲಿ ನಲವತ್ತು ಪಂಪುಗಳಿದ್ದವು. ಅವುಗಳ ಹಿಂದೆ ಮಾಡಿನವರೆಗೂ ಖಾಲಿ ಕಟ್ಟಿಗೆ ಪೆಟ್ಟಿಗೆಗಳು. ಒಂದೇ ವಾರದಲ್ಲಿ ಷೇರು ಹತ್ತೊಂಬತ್ತು ರೂಪಾಯಿಗೆ ಬಂತು; ಆಮೇಲೆ ಕೊಳ್ಳುವವರೇ ಇಲ್ಲವಾದರು. ಸುಧೀಂದ್ರನನ್ನು ಪೊಲೀಸರು ಕರೆದೊಯ್ದರು. ಕಾರ್ಖಾನೆಯ ಸೈರನ್ ನಿಂತಿತು.

ಓಣಿಯವರು ಅಂಬಕ್ಕನ ಮನೆಗೆ ಬಂದರು. ಮಾಸ್ತರ, ಆಕೆ ಅವತ್ತು ಹೇಳಿದಾಗಲೇ ಮಾರಿ ಉಳಿದುಕೊಂಡವನು, ಕೈಮುಗಿದ. ಹಾಗೆ ಉಳಿದವರು ಏಳೆಂಟು ಮನೆಯವರು ಮಾತ್ರ. ಮಿಕ್ಕವರು, "ಗೊತ್ತಿದ್ದವಳು ಕೈ ಹಿಡದು ಜಗ್ಗಬೇಕಾಗಿತ್ತು" ಎಂದು ಬೈದರು. ಆಕೆ ಎಲ್ಲರಿಗೂ ಚಹಾ ಮಾಡಿಕೊಟ್ಟಳು. ತನ್ನ ಮಾತು ನಿಜವಾಯಿತೆಂಬ ಸಂತೋಷವನ್ನು ನಾನು ಆಕೆಯ ಮುಖದಲ್ಲಿ ಹುಡುಕಿದೆ. ಇರಲಿಲ್ಲ.

ಫಕೀರಪ್ಪ ಬಂದದ್ದು ಒಂಬತ್ತು ದಿನದ ಮೇಲೆ. ಕಟ್ಟೆಯ ಮೇಲೆ ಕುಳಿತು ತಲೆ ತಗ್ಗಿಸಿದ.

"ಬೈರಿ, ವೈನಿ."

"ಬೈದ್ರ ರೊಕ್ಕ ಬರತಾವೇನು? ಒಳಗ ಬಾ, ರೊಟ್ಟಿ ತಿನ್ನು." ಊಟವಾದ ಮೇಲೆ ಮೆಲ್ಲಗೆ ಹೇಳಿದಳು: "ಅಂಗಡಿ ರೊಕ್ಕ ನಾನು ಕೊಡ್ತೀನಿ."

"ಬ್ಯಾಡ," ಎಂದ. "ನಿಮ್ಮ ಮಾತು ಕೇಳದವಗ ನಿಮ್ಮ ರೊಕ್ಕನೂ ಬ್ಯಾಡ."

ಆಕೆ ಒತ್ತಾಯಿಸಲಿಲ್ಲ. ಯುಗಾದಿಯ ಹೊತ್ತಿಗೆ ಆ ಅಂಗಡಿಸಾಲನ್ನು, ಆರು ಅಂಗಡಿಗಳನ್ನೂ, ಆಕೆ ತನ್ನ ಹೆಸರಿಗೆ ಕೊಂಡಳು. ಕೊಳ್ಳುವ ಮೊದಲು ಆರೂ ಅಂಗಡಿಗಳ ಮುಂದೆ ದಿನವಿಡೀ ಕುಳಿತು ಎಷ್ಟು ಗಿರಾಕಿ ಬರುತ್ತಾರೆ ನೋಡಿದ್ದಳು. ಅದು ಆಕೆಯ ಪದ್ಧತಿ. ಆಮೇಲೆ ಫಕೀರಪ್ಪನ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕುಳಿತು ಹೇಳಿದಳು: "ಬಾಡಿಗಿ ಒಂದನೇ ತಾರೀಖಿಗೆ. ತಡ ಆದ್ರ ಯಾವ ಮಾತೂ ಕೇಳೂದಿಲ್ಲ." "ಹೂನ್ರಿ," ಎಂದ ಫಕೀರಪ್ಪ. ಕಣ್ಣೊರೆಸಿಕೊಳ್ಳಲು ಶೆಲ್ಫಿನ ಕಡೆ ತಿರುಗಿದ.

ಕೆಲವು ವರ್ಷ ಅವನು ಆಕೆಯ ಹತ್ತಿರ ವರದಿ ಓದಲು ಕಲಿತ. ಚೆನ್ನಾಗಿಯೇ ಕಲಿತ. ಆದರೆ ಒಂದು ದಿನ ಬಂದು, "ನನ್ನ ಕೈಲೆ ಆಗೂದಿಲ್ಲ ವೈನಿ. ನೀವು ಓದಿದ್ದ ನಾನೂ ಓದತೀನಿ. ಆದ್ರ ರೇಟ್ ಎರಡು ರೂಪಾಯಿ ಇಳದ್ರ ನನಗ ಊಟ ಸೇರೂದಿಲ್ಲ" ಎಂದ.

ಅಂಬಕ್ಕ ಅಂದು ಬಾಯ್ತುಂಬ ನಕ್ಕಳು. "ಅದು ಗೊತ್ತಾತಲ್ಲ, ಅದ ನಿನ್ನ ಗಳಿಕಿ. ವಾಷರ್ ಮಾರು."

ಅರವತ್ತರ ಮೇಲೆ ಆಕೆಯ ಕಣ್ಣಿನ ನಡುಭಾಗ ಮಸುಕಾಗುತ್ತ ಬಂತು. ನನ್ನನ್ನು ಹತ್ತಿರ ಹಿಡಿದಳು, ದೂರ ಹಿಡಿದಳು, ಬಿಸಿಲಿಗೆ ಕುಳಿತು ಹಿಡಿದಳು. ನನ್ನ ಬಲ ಸಾಲಲಿಲ್ಲ. ಒಂದು ತಿಂಗಳ ಒಂದನೇ ತಾರೀಖು ಆಟೋದಲ್ಲಿ ಅಂಗಡಿಗೆ ಬಂದವಳು ಚೀಲದಿಂದ ನನ್ನನ್ನು ತೆಗೆದು ಫಕೀರಪ್ಪನ ಕೈಗೆ ಇಟ್ಟಳು.

"ಇನ್ನ ಇದು ನಿನ್ನ ಹಂತ್ಯಾಕ ಇರಲಿ. ಬೇರಿಂಗ್ ಮ್ಯಾಲಿನ ನಂಬರ್ ಓದಾಕ ಕಣ್ಣು ಕಿವಚತಿಯಲ್ಲ."

ಅವನು ನನ್ನನ್ನು ತಿರುಗಿಸಿ ನೋಡುತ್ತ ಬಹಳ ದಿನದಿಂದ ಕೇಳಬೇಕೆಂದಿದ್ದ ಮಾತು ಕೇಳಿದ. "ವೈನಿ, ಅವತ್ತ ಸಭಾದಾಗ ಬಾಯಿ ಬಿಡದ ಸುಮ್ನ ಮಾರಿದ್ರ ನಿಮಗ ಎಷ್ಟೋ ಹೆಚ್ಚಿಗಿ ಬರತಿತ್ತಲ್ಲ?"

"ಬರತಿತ್ತು."

"ಮತ್ತ?"

"ಮರುದಿನ ಕೊಡಾ ತಗೊಂಡು ಅದ ಓಣ್ಯಾಗ ನೀರಿಗೆ ಹೋಗಬೇಕಾಗಿತ್ತಲ್ಲೋ," ಎಂದಳು ಅಂಬಕ್ಕ. ಆಮೇಲೆ ಚಹಾ ತರಿಸಲು ಹೇಳಿದಳು.

ಆಕೆ ಹೋಗಿ ಆರು ವರ್ಷವಾಯಿತು. ಆಕೆಯ ಆಸ್ತಿಯಲ್ಲಿ ಬಹುಪಾಲು ಶಾಲ್ಮಲಾದಲ್ಲಿ ಕೆಲಸ ಕಳೆದುಕೊಂಡವರ ಮನೆಯ ಮಕ್ಕಳ ಓದಿಗೆ ಹೋಯಿತೆಂದು ವಕೀಲರು ಅಂಗಡಿಗೆ ಬಂದು ಹೇಳಿದಾಗಲೇ ನಮಗೆ ತಿಳಿದದ್ದು. ಅಂಗಡಿಸಾಲೂ ಅದಕ್ಕೇ ಸೇರಿದೆ. ಫಕೀರಪ್ಪ ಈಗಲೂ ಬಾಡಿಗೆಯವನೇ.

ನಾನು ಅವನ ಗಲ್ಲಾಪೆಟ್ಟಿಗೆಯ ಪಕ್ಕದ ಡ್ರಾವರಿನಲ್ಲಿದ್ದೇನೆ. ಹಿತ್ತಾಳೆಗೆ ಗ್ರೀಸು ಹತ್ತಿದೆ, ಗಾಜಿನ ಅಂಚು ಒಡೆದಿದೆ, ಹಿಡಿಕೆಗೆ ತಂತಿ ಸುತ್ತಿದ್ದಾರೆ. ಸಣ್ಣ ಅಕ್ಷರ ಓದುವ ಕೆಲಸ ನನಗೆ ಈಗ ಕಡಿಮೆ. ಉಕ್ಕಿನ ಮೇಲೆ ಸವೆದ ಅಂಕಿಗಳನ್ನು ಓದುತ್ತೇನೆ. ನನ್ನ ಮೂಲಕ ನೋಡಿದವರು ಬಹಳ ಮಂದಿ. ಕಂಡದ್ದನ್ನು ಕಂಡಂತೆ ಹೇಳಿ, ಹೇಳಿದ್ದಕ್ಕೆ ಐದು ತಿಂಗಳು ಬೈಗುಳ ತಿಂದು ಕುಳಿತವಳು ಆಕೆಯೊಬ್ಬಳೇ. ಡ್ರಾವರು ಎಳೆದಾಗ ಬೆಳಕು ಬೀಳುತ್ತದೆ. ಎಪ್ಪತ್ತು ದಾಟಿದ ಫಕೀರಪ್ಪನ ಕೈ ನನ್ನನ್ನು ಎತ್ತಿಕೊಳ್ಳುತ್ತದೆ. ನಿಧಾನವಾಗಿ, ಗಿರಾಕಿ ಎಷ್ಟೇ ಅವಸರ ಮಾಡಿದರೂ, ಅವನು ಪ್ರತಿ ನಂಬರನ್ನೂ ಎರಡೆರಡು ಸಲ ಓದುತ್ತಾನೆ.